ಹತ್ತು ವರ್ಷ ಓಡುವ ಗಾಡಿ

ನಮ್ಮ ಅಂಜನಾ ವೈನಿ ನೋಡದೆ ಏನನ್ನೂ ಕೊಳ್ಳುವವಳಲ್ಲ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಕಮಲಾಪುರದ ಸಂತೆಗೆ ಅವಳು ಕಾಲಿಟ್ಟರೆ ಬದನೆಕಾಯಿ ಮಾರುವವರು ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಒಂದೊಂದನ್ನೂ ಎತ್ತಿ, ತೊಟ್ಟಿನ ಬಳಿ ತೂತು ಹುಡುಕಿ, ಮೂಸಿ, ಕೆಳಗಿಟ್ಟು, ಕಡೆಗೆ ಮೊದಲು ಎತ್ತಿದ್ದನ್ನೇ ತೆಗೆದುಕೊಳ್ಳುತ್ತಾಳೆ. ಸೀರೆ ಅಂಗಡಿಗೆ ಅವಳ ಜೊತೆ ಹೋಗುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ಅಂಚು ಎಳೆದು, ಬೆಳಕಿಗೆ ಹಿಡಿದು, ಒದ್ದೆ ಕರ್ಚೀಫಿನಿಂದ ಉಜ್ಜಿ ಬಣ್ಣ ಬಿಡುತ್ತದೋ ಎಂದು ನೋಡುವಷ್ಟರಲ್ಲಿ ಅಂಗಡಿಯವನಿಗಿಂತ ಮೊದಲು ನನಗೇ ಸಾಕಾಗಿರುತ್ತದೆ. ಇಂಥವಳು ತನ್ನ ಜೀವಮಾನದ ದೊಡ್ಡ ಖರೀದಿಯನ್ನು ಬಾನೆಟ್ ಕೂಡ ಎತ್ತಿಸದೆ ಒಪ್ಪಿಕೊಂಡು ಬಂದಳು. ನನಗೆ ಮೈ ಉರಿದುಹೋಯಿತು. ಆ ಗಾಡಿಯಲ್ಲಿ ಕೂತು ಬರಬೇಕಾದವನು ನನ್ನ ಅಣ್ಣ. ಅದು ಒಂದು ದಿನ ದಾರಿಯಲ್ಲಿ ನಿಂತರೂ ಅವನ ಜೀವಕ್ಕೆ ಸಂಚಕಾರ.

ಅಣ್ಣ ಶಿವಶರಣ ಕಮಲಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ್. ಎರಡು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ಸಲ ಕಲಬುರಗಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅದು ಮುಗಿದ ಮೇಲೆ ಅಲ್ಲೇ ಬ್ರಹ್ಮಪುರದ ನನ್ನ ಮನೆಗೆ ಬಂದು, ಪಡಸಾಲೆಯ ಮಂಚದ ಮೇಲೆ ಹಿಂಡಿದ ಬಟ್ಟೆಯ ಹಾಗೆ ಬಿದ್ದುಕೊಂಡು, ಬಿಸಿಲು ಇಳಿದ ಮೇಲೆ ಊರಿಗೆ ಹೋಗುತ್ತಾನೆ. ಮೊದಮೊದಲು ಗಂಡ ಹೆಂಡತಿ ಬಸ್ಸಿಗೆ ಬರುತ್ತಿದ್ದರು. ಒಂದು ಮಳೆಗಾಲದಲ್ಲಿ ಹಳ್ಳ ತುಂಬಿ ಬಸ್ಸು ಬರಲಿಲ್ಲ, ಅವನ ಪಾಳಿ ತಪ್ಪಿತು. ಅಲ್ಲಿ ಕುರ್ಚಿಗಳು ಕಡಿಮೆ, ಕಾಯುವವರು ಹೆಚ್ಚು. ತಡವಾಗಿ ಹೋದರೆ ನಮ್ಮ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ. ಮರುದಿನ ನಾನು ಹೋಗಿ ನೋಡಿದಾಗ ಅಣ್ಣ ಮಲಗಲಾಗದೆ ಗೋಡೆಗೆ ಒರಗಿ ಕೂತಿದ್ದ. ಒಂದೊಂದು ಉಸಿರನ್ನೂ ಬಾಯಿ ತೆರೆದು ಎಳೆಯುತ್ತಿದ್ದ. ನನ್ನನ್ನು ಕಂಡು ಏನೋ ಹೇಳಲು ಹೋದ, ಉಸಿರು ಸಾಲಲಿಲ್ಲ. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ.

ಅದಾದ ಮೇಲೆ ಮೈಬೂಬಣ್ಣ ಸಿಕ್ಕರು. ಕಮಲಾಪುರದವರೇ. ಬಸುರಿಯರಿಂದ ಹಿಡಿದು ಮದುಮಕ್ಕಳ ತನಕ ಊರಿನ ಎಲ್ಲರನ್ನೂ ಹೊತ್ತು ತಿರುಗಿದ ಬಿಳಿ ಡೀಸೆಲ್ ಕಾರು ಅವರದು. ಮೂರು ಲಕ್ಷ ಕಿಲೋಮೀಟರು ದಾಟಿ ಎಷ್ಟೋ ಕಾಲವಾಗಿತ್ತು. ನಮ್ಮಿಂದ ಅವರು ಡೀಸೆಲ್ಲಿನ ದುಡ್ಡಿಗಿಂತ ಹೆಚ್ಚು ಮುಟ್ಟಿದ್ದಿಲ್ಲ. ರಂಜಾನಿನ ಉಪವಾಸದಲ್ಲಿ ಉಗುಳು ಸಹ ನುಂಗದೆ, ಅಣ್ಣನ ಪೂರಾ ಭಾರವನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದ್ದನ್ನು ನಾನೇ ನೋಡಿದ್ದೇನೆ. ಅವರ ಹೆಂಡತಿ ಮಸ್ತಾನಬಿ ಹಬ್ಬಕ್ಕೆ ಸುರಕುಂಬಾ ಅನ್ನುವ ಶಾವಿಗೆ ಪಾಯಸ ಕಳಿಸಿದರೆ, ಅಣ್ಣನ ಪಾಲಿನದನ್ನು ಬೇರೆ ಬಟ್ಟಲಲ್ಲಿ, ಅಳತೆ ನೋಡಿ, ಅವನಿಗೆ ಆಗದ ಖರ್ಜೂರ ತೆಗೆದು ಕಳಿಸುತ್ತಿದ್ದರು. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ. ಒಡಹುಟ್ಟಿದವಳಾಗಿ ನಾನೇ ಹೇಳುತ್ತಿದ್ದೇನೆ.

ಈ ಚೈತ್ರದಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಮೊದಲನೆಯದು, ಡಾಕ್ಟರರು ನನ್ನನ್ನೂ ವೈನಿಯನ್ನೂ ಹೊರಗೆ ಕರೆದು ಮಾತಾಡಿದ್ದು. ಅಣ್ಣನ ಹೃದಯ ಸೋತಿದೆ, ಬೇರೆ ಕಿಡ್ನಿ ಹಾಕುವ ಮಾತು ಇನ್ನು ಬಿಡಬೇಕು, ಒಂದು ವರ್ಷವೋ ಎರಡು ವರ್ಷವೋ, ಅದಕ್ಕಿಂತ ದೂರದ್ದನ್ನು ಲೆಕ್ಕ ಹಾಕಬೇಡಿ, ಒಂದೂ ಪಾಳಿ ತಪ್ಪಿಸಬೇಡಿ ಅಂದರು. ನಾವಿಬ್ಬರೂ ಮುಖ ತೊಳೆದುಕೊಂಡು ಒಳಗೆ ಹೋಗಿ ಅಣ್ಣನಿಗೆ "ರಿಪೋರ್ಟ್ ಚಲೋ ಬಂದದ" ಅಂದೆವು. ಅವನು ನಮ್ಮ ಮುಖ ನೋಡಿ ಸುಮ್ಮನೆ ನಕ್ಕ.

ಎರಡನೆಯದು, ಮೈಬೂಬಣ್ಣ ಗಾಡಿ ಮಾರುತ್ತೇನೆ ಅಂದದ್ದು. "ಸೊಂಟ ಕೈಕೊಟ್ಟದ ತಂಗಿ. ಇನ್ನ ಸ್ಟೇರಿಂಗ್ ಮುಂದ ಕೂಡ್ಲಾಕ ಆಗಲ್ದು. ಕಲಬುರಗಿದಾಗ ಒಬ್ಬ ಡೀಲರ್ ಕೇಳಾಕತ್ತ್ಯಾನ, ಕೊಟ್ಟುಬಿಡ್ತೀನಿ" ಅಂದರಂತೆ. ವೈನಿ ಹಿಂದೆಮುಂದೆ ನೋಡದೆ, "ಹೊರಗಿನವರಿಗೆ ಯಾಕ ಕೊಡ್ತೀರಿ ಅಣ್ಣಾ, ನಮಗೇ ಕೊಡ್ರಿ. ನಾ ಓಡಸಾಕ ಕಲೀತೀನಿ" ಅಂದಳು. ಅವರು ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರಂತೆ. ಆಮೇಲೆ "ನಿಮಗ ಇಲ್ಲ ಅಂತೀನೇನ್" ಅಂದು ಎದ್ದು ಹೋದರಂತೆ. ಮರುದಿನದಿಂದಲೇ ಶಾಲೆಯ ಮೈದಾನದಲ್ಲಿ ಅವಳಿಗೆ ಓಡಿಸಲು ಕಲಿಸತೊಡಗಿದರು. ನಲವತ್ತೈದರ ಹೆಂಗಸು ಸೀರೆ ಎತ್ತಿ ಕಟ್ಟಿ ಕ್ಲಚ್ ತುಳಿಯುವುದನ್ನು ನೋಡಲು ಅರ್ಧ ಊರು ಬೇಲಿಯ ಬಳಿ ನಿಂತಿರುತ್ತಿತ್ತು. ಅವಳು ಯಾರಿಗೂ ಸೊಪ್ಪು ಹಾಕಲಿಲ್ಲ. ಲೈಸೆನ್ಸೂ ಕೈಗೆ ಬಂತು.

ನಾನು ಮಾತ್ರ ಸುಮ್ಮನಿರಲಿಲ್ಲ. ಅಷ್ಟು ಓಡಿದ ಗಾಡಿಯನ್ನು ಯಾವ ಮೆಕ್ಯಾನಿಕ್ಕಿಗೂ ತೋರಿಸದೆ ತೆಗೆದುಕೊಳ್ಳುವುದು ಯಾವ ಬುದ್ಧಿ ಎಂದು ಫೋನಿನಲ್ಲೇ ಜಗಳ ತೆಗೆದೆ. ನನ್ನ ಗಂಡ ಸುನೀಲಕುಮಾರ ಒಂದು ಕಾಲೇಜಿನಲ್ಲಿ ಗುಮಾಸ್ತರು. ಅವರ ಕಾಲೇಜಿನ ಲೆಕ್ಚರರ್ ಆಯೇಶಾ ಮೇಡಂ ಇಲ್ಲೇ ಕಲಬುರಗಿಯ ಗಾಜಿಪುರದಲ್ಲಿರುವವರು, ತಮ್ಮ ಕಾರು ಮಾರುವುದಕ್ಕಿದ್ದರು. ಅದೂ ಓಡಿದ ಗಾಡಿಯೇ, ಲಕ್ಷ ದಾಟಿತ್ತು. ಆದರೆ ಒಂದೇ ಕೈಯಲ್ಲಿ ಓಡಿದ್ದು. ಬೆಲೆ ಮೈಬೂಬಣ್ಣನ ಗಾಡಿಯ ಎರಡರಷ್ಟು. ನಾನೂ ಕೈಜೋಡಿಸುತ್ತೇನೆ, ಬಂದು ನೋಡಿಯಾದರೂ ಹೋಗು ಎಂದು ಗಂಟುಬಿದ್ದೆ.

ಅಣ್ಣನ ಪಾಳಿಯ ಹಿಂದಿನ ರಾತ್ರಿಯೇ ನನ್ನ ಮನೆಗೆ ಬಂದಳು. ಬಂದವಳು ಮತ್ತೆ ನಮ್ಮ ಹಳೆಯ ಅಂಜನಾ ವೈನಿಯೇ. ಬೆಳ್ಳಂಬೆಳಗ್ಗೆ, ಗಾಡಿಯನ್ನು ಯಾರೂ ಚಾಲೂ ಮಾಡುವ ಮೊದಲೇ ಹೋಗಬೇಕು ಅಂದಳು. ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆಯೋ ನೋಡಿದಳು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ನು ತನ್ನ ಕಾಯಿಲೆ ತೋರಿಸುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆದು, ನೆರೆಯಲ್ಲಿ ಮುಳುಗಿದ ಗಾಡಿಯಾದರೆ ಕೆಸರಿನ ಕಲೆ ಅಲ್ಲಿ ಉಳಿದಿರುತ್ತದೆ ಎಂದು ಹುಡುಕಿದಳು. ಬಗ್ಗಿ ಬ್ರೇಕ್ ಪೆಡಲಿನ ರಬ್ಬರು ಸವೆದಿರುವುದಕ್ಕೂ ಮೀಟರಿನ ಲೆಕ್ಕಕ್ಕೂ ತಾಳೆ ನೋಡಿದಳು. ಚಾಲೂ ಮಾಡಿಸಿ, ಹೊಗೆ ಕೊಳವೆಯ ಹಿಂದೆ ಬಿಳಿ ಕರ್ಚೀಫು ಹಿಡಿದು ನಿಂತಳು. ಚಾಪೆ ಎತ್ತಿ ಮೂಸಿದಳು. ಆಯೇಶಾ ಮೇಡಂ ಬಾಗಿಲಲ್ಲಿ ನಿಂತು ನೋಡಿ ನೋಡಿ, "ನನ್ನ ನೋಡಾಕ ಬಂದಾಗ ನಮ್ಮ ಅತ್ತಿನೂ ಇಷ್ಟು ನೋಡಿರಲಿಲ್ಲರಿ" ಅಂದರು.

ಒಂದು ಐಬೂ ಸಿಗಲಿಲ್ಲ. ಹಿಂದಿನ ಬಂಪರಿನ ಹತ್ತಿರ ಸ್ವಲ್ಪ ಬಣ್ಣ ಹಾರಿತ್ತು, ಅಷ್ಟೆ. "ಭಾಳ ಚಲೋ ಇಟ್ಟೀರಿ ಮೇಡಂ. ಹತ್ತು ವರ್ಷ ಓಡ್ತದ ಇದು" ಅಂದಳು ವೈನಿ. ಆಮೇಲೆ, ತೆಗೆದುಕೊಳ್ಳುವುದಿಲ್ಲ ಅಂದಳು.

ಪೇಟೆಯ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಅಣ್ಣನನ್ನು ಮೈಬೂಬಣ್ಣ ಡಯಾಲಿಸಿಸ್ ಮುಗಿಸಿ ಕರೆತಂದು ಮಲಗಿಸಿದ್ದರು. ಮಂಚದಿಂದಲೇ "ಹ್ಯಾಂಗಿತ್ತು ಗಾಡಿ?" ಅಂದ. ನನ್ನ ಬಾಯಿ ಕೇಳಬೇಕಲ್ಲ. "ಭಾಳ ಚಲೋ ಅದ ಅಣ್ಣಾ. ಹತ್ತು ವರ್ಷ ಓಡ್ತದ ಅಂತ ನಿನ್ನ ಹೆಂಡತಿನೇ ಹೇಳ್ಯಾಳ. ಆದ್ರ ಆಕಿಗಿ ಬ್ಯಾಡಂತ" ಅಂದೆ. ಅವನು ತಿರುಗುವ ಫ್ಯಾನನ್ನು ನೋಡುತ್ತ ಮಲಗಿದ.

ನಾನು ವೈನಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ. "ಏನಾಗ್ಯದ ನಿನಗ? ಒಂದು ಗಾಡಿ ಮೂಸಿ ಮೂಸಿ ನೋಡಿ ಚಲೋ ಅದ ಅಂತ ಬಿಟ್ಟಿ. ಇನ್ನೊಂದು ನೋಡ್ದೇ ತಗೋತಿ."

"ಹತ್ತು ವರ್ಷದ ಗಾಡಿ ತಗೊಂಡು ನಾ ಏನ್ ಮಾಡ್ಲಿ ವಿದ್ಯಾ?" ಅಂದಳು. ದನಿ ಬಹಳ ಸಣ್ಣಗಿತ್ತು. "ಎರಡು ವರ್ಷ ಓಡಿದ್ರ ಸಾಕಲ್ಲ ನಮಗ."

ಅವಳು ಹೇಳಿದ್ದು ಸುಳ್ಳಲ್ಲ. ಆದರೂ ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅವಳ ಮೇಲೆ ಕೋಪ ಬಂತು. ಕಡೆಗೆ, "ಎರಡು ವರ್ಷನಾದ್ರೂ ಅದು ನಡು ದಾರ್ಯಾಗ ನಿಂದರಬಾರದಲ್ಲ. ಒಬ್ಬ ಮೆಕ್ಯಾನಿಕ್ಕಿಗಿ ತೋರಸು" ಅಂದೆ.

"ಹ್ಯಾಂಗ ತೋರಸ್ಲಿ? ಮೈಬೂಬಣ್ಣನ ಮುಂದ ನಿಂತು, ನಿಮ್ಮ ಗಾಡಿ ಮ್ಯಾಲೆ ನನಗ ಭರೋಸಾ ಇಲ್ಲ ಅಂತ ಹೇಳಬೇಕೇನು? ನಮ್ಮವರನ್ನ ಹೆಗಲ ಮ್ಯಾಲೆ ಹೊತ್ತವರು ಅವರು. ಮುಲಾಜು ಇರ್ತದಲ್ಲ ವಿದ್ಯಾ." ಬಾಗಿಲ ಕಡೆ ನೋಡಿ ಇನ್ನೊಂದು ಮಾತು ಹೇಳಿದಳು. "ನನಗ ಗೊತ್ತದ, ಗಾಡಿ ಸರಿ ಇಲ್ಲ. ಮಹಾಗಾಂವ ಕ್ರಾಸಿನಾಗ ದಿನಾ ಚಹಾ ಅಂತ ನಿಲ್ಲಸ್ತಾರಲ್ಲ, ಚಹಾದ ಸಲುವಾಗಿ ಅಲ್ಲ ಅದು. ನಾವು ಕಪ್ಪು ಹಿಡಕೊಂಡು ಕೂತಾಗ ಅವರು ಬಾನೆಟ್ ಎತ್ತಿ ನೀರು ಹಾಕ್ತಾರ. ಗಾಡಿ ಕೆಳಗ ಒಂದು ಹನಿ ಸೋರಂಗಿಲ್ಲ. ಅಂದ್ರ ಒಳಗೇ ಎಲ್ಲೋ ಕುಡೀತದ. ಅವರಾಗೇ ಹೇಳ್ತಾರ ಅಂತ ಕಾಯಾಕತ್ತೀನಿ."

"ಹೇಳಲಿಲ್ಲಂದ್ರ?"

"ಹೇಳ್ತಾರ."

ಅವರು ಹೇಳಲಿಲ್ಲ. ಅವಳು ಕೇಳಲಿಲ್ಲ. ಮಾರಾಟದ ದಿನ ಗೊತ್ತಾಯಿತು. ಡಯಾಲಿಸಿಸ್‌ನ ದಿನವೇ ಕಲಬುರಗಿಗೆ ಹೋಗುವುದು, ಅಣ್ಣನ ಪಾಳಿ ಮುಗಿಸಿಕೊಂಡು ಕಾಗದಪತ್ರ ಮಾಡಿಸುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಇಬ್ಬರು ಒಳ್ಳೆಯವರ ನಡುವೆ ಸಿಕ್ಕಿಕೊಂಡರೆ ಹೇಗಿರುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಕೆಟ್ಟವರಾದರೆ ಬೈದು ಬಿಡಿಸಿಕೊಳ್ಳಬಹುದು.

ಆ ದಿನ ನಾನು ಬೆಳಗಿನ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋಗಿ ಅಣ್ಣನ ಮನೆಯ ಮುಂದೆ ಇಳಿದೆ. ನನ್ನ ಕಣ್ಣೆದುರಿಗೇ ಆಗಲಿ ಏನಾಗುವುದೋ ಅನ್ನಿಸಿತ್ತು. ವೈನಿ ದಿನಕ್ಕಿಂತ ಬೇಗ ಎಲ್ಲರನ್ನೂ ಹೊರಡಿಸಿದ್ದಳು. ಗಾಡಿಗೆ ಅವಳು ಭಸ್ಮ ಹಚ್ಚಿದಳು, ಮೈಬೂಬಣ್ಣ ಬಿಸ್ಮಿಲ್ಲಾ ಅಂದು ಕೀಲಿಕೈ ಅವಳ ಕೈಗೆ ಕೊಟ್ಟರು. ಕೊಡುವಾಗ ಅವಳ ಮುಖ ನೋಡಲಿಲ್ಲ. ಅವಳು ಸ್ಟೇರಿಂಗ್ ಮುಂದೆ, ಅವರು ಪಕ್ಕದಲ್ಲಿ, ಹಿಂದೆ ನಾನು ಮತ್ತು ಅಣ್ಣ. ಅವನ ಪಾದಗಳು ಬಾತಿದ್ದವು, ಚಪ್ಪಲಿಯ ಬಾರು ಹತ್ತುತ್ತಿರಲಿಲ್ಲ. ಎರಡು ದಿನದ ನೀರೆಲ್ಲ ಒಳಗೇ ಕೂತಿತ್ತು, ಉಸಿರು ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಆ ಸದ್ದು ಕೇಳುತ್ತ ಕೂತವರಿಗೇ ಗೊತ್ತು.

ವೈನಿ ಚೆನ್ನಾಗಿಯೇ ಓಡಿಸಿದಳು. ಲಾರಿಗಳಿಗೆ ದಾರಿ ಬಿಟ್ಟು, ತಿರುವಿನಲ್ಲಿ ಹಾರ್ನು ಹಾಕಿ, ಎಲ್ಲ ಕಲಿಸಿದ ಹಾಗೆಯೇ. ಮೈಬೂಬಣ್ಣ ಮಾತು ಮಾತಿಗೆ "ಸಾವಕಾಶ, ಸಾವಕಾಶ" ಅನ್ನುತ್ತಿದ್ದರು. ಬೆಳಗಿನ ಹೊತ್ತೇ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ವೈನಿ ಏ.ಸಿ. ಹಾಕಲೇ ಅಂದದ್ದಕ್ಕೆ ಅವರು ಬೇಡ ಅಂದು ಕಿಟಕಿ ಇಳಿಸಿದರು.

ಮಹಾಗಾಂವ ಕ್ರಾಸ್ ಕಾಣಿಸಿತು. ಚಹಾದಂಗಡಿಯ ತಗಡು, ಮುಂದಿನ ಬೆಂಚು, ಹೊಗೆ. ಮೈಬೂಬಣ್ಣ ಆಗಲೇ ಬಾಗಿಲ ಹಿಡಿಕೆಗೆ ಕೈ ಹಾಕಿದ್ದರು. ವೈನಿ ಗೇರು ಇಳಿಸಲಿಲ್ಲ. ಅಂಗಡಿ ಪಕ್ಕದಲ್ಲಿ ಹಾದು ಹಿಂದೆ ಹೋಯಿತು.

"ಚಹಾ ಕುಡ್ಯೋಣ ತಂಗಿ," ಅಂದರು ಅವರು.

"ಇವತ್ತ ಬ್ಯಾಡ ಅಣ್ಣಾ. ಹೊತ್ತಾಗ್ತದ."

ಹೊತ್ತಾಗಿರಲಿಲ್ಲ. ಅವಳು ಏನು ಮಾಡುತ್ತಿದ್ದಾಳೆಂದು ತಿಳಿದುಹೋಯಿತು. ಬಾಯಿಂದ ಕೇಳಲಾರದ್ದನ್ನು ಗಾಡಿಯಿಂದಲೇ ಕೇಳಿಸಲು ಹೊರಟಿದ್ದಳು. ಗಾಡಿ ನಿಂತರೂ ಪಾಳಿ ತಪ್ಪದಿರಲಿ ಎಂದೇ ಬೇಗ ಹೊರಡಿಸಿದ್ದು. ಕೈ ಚಾಚಿ ಅವಳ ಭುಜ ಚಿವುಟೋಣವೆಂದರೆ ಅಣ್ಣ ಪಕ್ಕದಲ್ಲೇ ಕೂತಿದ್ದ. ಅವನಿಗೆ ಇದು ಯಾವುದೂ ಗೊತ್ತಿಲ್ಲ ಎಂದು ನಾನು ಹಲ್ಲು ಕಚ್ಚಿ ಕೂತೆ. ಕನ್ನಡಿಯಲ್ಲಿ ವೈನಿಯ ಕಣ್ಣು ಕಾಣುತ್ತಿತ್ತು. ಅದು ರಸ್ತೆಯ ಮೇಲೂ ಇರಲಿಲ್ಲ, ನನ್ನ ಮೇಲೂ ಇರಲಿಲ್ಲ. ಮೀಟರಿನ ಪಕ್ಕದಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಸಣ್ಣ ಸೂಜಿಯ ಮೇಲಿತ್ತು.

ಸೂಜಿ ನಡುವನ್ನು ದಾಟಿತು.

"ನನಗ ತಲಿ ಹಿಡದದ ತಂಗಿ. ಒಂದು ಕಪ್ಪು ಕುಡುದ್ರ ಸರಿ ಹೋಗ್ತದ. ಮುಂದ ಎಲ್ಲರೆ ನಿಲ್ಲಸು."

"ಊರು ಮುಟ್ಟಿದ ಮ್ಯಾಲೆ ಕುಡಸ್ತೀನಿ ಅಣ್ಣಾ. ಇನ್ನೇನು ಬಂದೇ ಬಿಡ್ತು."

ಮುಂದೆ ಏರು ಬಂತು. ಇಂಜಿನ್ನಿನ ಸದ್ದು ಬದಲಾಯಿತು, ಒರಟಾಯಿತು. ಮೈಬೂಬಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಒಂದು ಸಲ ಬಾಯಿ ತೆರೆದರು, ಮುಚ್ಚಿದರು. ಹೇಳಬಾರದೇ ಮಾರಾಯರೇ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಏನೋ ಸುಟ್ಟ, ಸಿಹಿಸಿಹಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಅಣ್ಣ ಕಣ್ಣು ಮುಚ್ಚಿ ಕೂತಿದ್ದ. ಅವನ ಕೈ ನನ್ನ ಕೈ ಮೇಲಿತ್ತು, ಬೆರಳುಗಳು ತಣ್ಣಗಿದ್ದವು. ಸೂಜಿ ಕೆಂಪು ಗೆರೆಯ ಬಳಿ ಬಂದು ನಿಲ್ಲಲಿಲ್ಲ, ಅದರೊಳಗೇ ಹೋಯಿತು.

"ಬಾಜೂಕ ತಗೋ," ಅಂದರು ಮೈಬೂಬಣ್ಣ. "ಬಾಜೂಕ ತಗೋ ತಂಗಿ, ಬಂದ್ ಮಾಡು. ಇಂಜಿನ್ ಜಾಮ್ ಆಗಿ ಹಿಡೀತದ."

"ಯಾಕ ಹಿಡೀತದ ಅಣ್ಣಾ?" ಅವಳ ಕಾಲು ಇನ್ನೂ ಆಕ್ಸಿಲರೇಟರಿನ ಮೇಲಿತ್ತು.

"ನೀರು ಕುಡೀತದ ಅದು. ಇಂಜಿನ್ನಿನ ಹೆಡ್ ಒಡದದ. ನಿಲ್ಲಸು."

ಅವಳು ರಸ್ತೆಯ ಅಂಚಿಗೆ ಇಳಿಸಿ ನಿಲ್ಲಿಸಿದಳು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಏಳುತ್ತಿತ್ತು. ಎರಡೂ ಕಡೆ ತೊಗರಿ ಕಿತ್ತ ಬರಿ ಹೊಲ, ಒಂದು ಮರದ ನೆರಳೂ ಇಲ್ಲ. ಮೈಬೂಬಣ್ಣ ಇಳಿದು ಬಾನೆಟ್ ಎತ್ತಿದರು. "ಮುಚ್ಚಳ ಮುಟ್ಟಬ್ಯಾಡ್ರಿ, ಮುಖಕ್ಕ ಹಾರ್ತದ" ಅಂದರು. ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ಹೇಳಬೇಕು ಅಂತ ದಿನಾ ಮನಿ ಬಿಡ್ತಿದ್ದೆ ತಂಗಿ. ನಿಮಗ ಕೊಡಬಾರದು ಅಂತಾನೇ ಇತ್ತು ನನ್ನ ಮನಸಿನಾಗ. ಇಲ್ಲ ಅಂದ್ರ, ಹೊರಗ ಹೆಚ್ಚಿಗಿ ಬರ್ತದ ಅಂತ ಇಲ್ಲ ಅಂದ ಮೈಬೂಬ ಅಂತೀರೇನೋ ಅನ್ನಸ್ತು. ನೀ ಮೆಕ್ಯಾನಿಕ್‌ನ ಕರಕೊಂಡು ಬರ್ತಿ, ಅವನೇ ಹೇಳ್ತಾನ, ನೀನೇ ಬ್ಯಾಡಂತಿ ಅಂತ ಕಾದೆ. ನೀ ಕರಕೊಂಡೇ ಬರಲಿಲ್ಲ."

"ನಾ ಹ್ಯಾಂಗ ಕರಕೊಂಡು ಬರ್ಲಿ ಅಣ್ಣಾ?" ಅಂದಳು ವೈನಿ. ದನಿಯಲ್ಲಿ ಸಿಟ್ಟಿತ್ತು. "ನಿಮ್ಮ ಮನಿ ಉಂಡು, ನಿಮ್ಮ ಗಾಡಿ ಒಬ್ಬನ ಕೈಲಿ ಬಿಚ್ಚಿ ನೋಡಸ್ಲೇನು?"

"ಸಾಕು ಮಾಡ್ರಿ ಇಬ್ಬರೂ."

ಅಣ್ಣ. ಅವನು ಯಾವಾಗ ಬಾಗಿಲು ತೆಗೆದು ಇಳಿದನೋ ನಾನು ನೋಡಲಿಲ್ಲ. ಗಾಡಿಯನ್ನು ಹಿಡಿದುಕೊಂಡು ನಿಂತಿದ್ದ. "ಅದು ನೀರು ಕುಡಿಯೋದು ನನಗೂ ಗೊತ್ತದ" ಅಂದ.

"ನಿಮಗ ಹ್ಯಾಂಗ ಗೊತ್ತು?"

"ದಿನಕ್ಕ ಇಷ್ಟೇ ಅಂತ ಲೋಟದಾಗ ಅಳದು ನೀರು ಕೊಡ್ತಿ ನನಗ. ನಾಲಿಗಿ ಒಣಗಿ ಕೂತವನ ಮುಂದ ಯಾರರೆ ಬಾಟ್ಲಿ ತಗದ್ರ ಕಣ್ಣು ಬ್ಯಾರೆ ಕಡಿ ಹೋಗ್ತದೇನು? ಮೊದಲ ಅರ್ಧ ಹಾಕ್ತಿದ್ರು. ದೀಪಾವಳಿ ಆದ ಮ್ಯಾಲೆ ಪೂರಾ ಬಾಟ್ಲಿ ಹಾಕ್ತಾರ."

ಮೈಬೂಬಣ್ಣ ತಲೆ ತಗ್ಗಿಸಿದರು. ವೈನಿ ಅಣ್ಣನ ತೋಳು ಹಿಡಿಯಲು ಹೋದಳು. "ಮತ್ತ ಒಂದು ಮಾತು ಹೇಳಬಾರದಿತ್ತೇನ್ರಿ ನನಗ?"

"ಹೇಳೋನೇ ಇದ್ದೆ. ಅಷ್ಟರಾಗ ನೀ ಗಾಜಿಪುರದ ಗಾಡಿ ಬ್ಯಾಡಂತ ಬಂದಿ." ಅವನು ಉಸಿರು ತೆಗೆದುಕೊಳ್ಳಲು ನಿಂತ. "ಬದನಿಕಾಯಿ ಸುದ್ದಾ ಮೂಸಿ ತಗೊಳ್ಳೋ ಹೆಂಗಸು ನೀ. ಹತ್ತು ವರ್ಷ ಓಡೋದು ಬಿಟ್ಟು, ಮುಗೀಲಿಕ್ಕೆ ಬಂದದ್ದು ತಗೋತಿ. ಎಷ್ಟು ದಿನದ ಸಲುವಾಗಿ ತಗೊಳ್ಳಾಕತ್ತಿ ಅಂತ ನನಗ ತಿಳೀದಿಲ್ಲೇನು? ಡಾಕ್ಟರ್ ಏನಂದಾರ ಅಂಜು? ಒಂದು ವರ್ಷ? ಎರಡು?"

ನಾನು ಬಾಯಿ ಹಾಕಿದೆ. "ಅಣ್ಣಾ, ರಿಪೋರ್ಟ್ ಚಲೋ..."

"ನೀ ಸುಮ್ಕಿರು ವಿದ್ಯಾ. ಆಕಿಗಿ ಕೇಳಾಕತ್ತೀನಿ."

ಒಂದು ಲಾರಿ ಹಾದು ಹೋಯಿತು. ಅದರ ಧೂಳು ತಾಗದಂತೆ ವೈನಿ ಸೆರಗನ್ನು ಅಣ್ಣನ ಮುಖಕ್ಕೆ ಅಡ್ಡ ಹಿಡಿದಳು. ಎರಡು ತಿಂಗಳಿಂದ ನಾವಿಬ್ಬರೂ ಪಾತ್ರೆ ತೊಳೆಯುವಾಗ, ಹಾಸಿಗೆ ಹಾಸುವಾಗ ಮುಚ್ಚಿಟ್ಟುಕೊಂಡು ಬಂದದ್ದನ್ನು ಅವನು ಒಂದು ಗಾಡಿಯಿಂದ ಓದಿಬಿಟ್ಟಿದ್ದ. ನಾನೇ ಮಂಚದ ಬಳಿ ನಿಂತು ಓದಿಸಿದ್ದೆ.

"ಹೌದ್ರಿ," ಅಂದಳು ವೈನಿ. "ಒಂದೆರಡು ವರ್ಷ ಅಂದಾರ. ಎದಿ ಸೋತದಂತ."

ಅಣ್ಣ ಹೂಂ ಅಂದ. ಸಂತೆಯ ದರ ಕೇಳಿದವನ ಹಾಗೆ ತಲೆ ಆಡಿಸಿದ. ಆಮೇಲೆ, "ಹಾಂಗಾದ್ರ ಆ ಗಾಜಿಪುರದ್ದೇ ತಗೋ" ಅಂದ.

"ಎರಡು ವರ್ಷಕ್ಕ ಅಷ್ಟು ದುಡ್ಡಿನ ಗಾಡಿ..."

"ನನ್ನ ಲೆಕ್ಕಕ್ಕ ತಗೋಬ್ಯಾಡ. ನಿನ್ನ ಲೆಕ್ಕಕ್ಕ ತಗೋ. ನಾ ಇಳಿದ ಮ್ಯಾಲೂ ನೀ ಓಡಸಬೇಕಲ್ಲ."

"ನಿಮ್ಮ ಲೆಕ್ಕ ಬ್ಯಾರೆ, ನನ್ನ ಲೆಕ್ಕ ಬ್ಯಾರೆ ಯಾವಾಗ ಆತ್ರಿ?"

"ಈಗ ಆತು, ಅಂಜು."

ಡಾಕ್ಟರರ ಮುಂದೆ ಅಳದವಳು, ಪಾಳಿ ತಪ್ಪಿದ ದಿನವೂ ಅಳದವಳು, ಆ ರಸ್ತೆಯ ಅಂಚಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಣ್ಣ ಅವಳ ಬೆನ್ನಿನ ಮೇಲೆ ಕೈ ಇಟ್ಟು ನಿಂತ. ನನಗೆ ಅಲ್ಲಿರಲಾಗದೆ ರಸ್ತೆಗೆ ಬಂದೆ. ಮೈಬೂಬಣ್ಣ ಆಗಲೇ ಟಾರಿನ ನಡುವೆ ಹೋಗಿ, ಸೊಂಟ ನೋವನ್ನೂ ಮರೆತು, ಎರಡೂ ಕೈ ಮೇಲೆತ್ತಿ ನಿಂತಿದ್ದರು. ಹುಮನಾಬಾದ ಕಡೆಯಿಂದ ಬಂದ ಬಸ್ಸು ಅವರನ್ನು ಬಯ್ಯುತ್ತಲೇ ನಿಂತಿತು.

ಅಣ್ಣನನ್ನು ಹತ್ತಿಸಿಕೊಂಡು ನಾನೂ ವೈನಿಯೂ ಹೊರಟೆವು. ದಾರಿಯುದ್ದಕ್ಕೂ ನಾನು ಬಸ್ಸಿನ ಡ್ರೈವರನ ಬೆನ್ನನ್ನೇ ನೋಡುತ್ತಿದ್ದೆ, ನೋಡಿದರೆ ಬೇಗ ಹೋಗುತ್ತಾನೇನೋ ಅನ್ನುವಂತೆ. ನಾವು ಆಸ್ಪತ್ರೆ ಮುಟ್ಟಿದಾಗ ಅಣ್ಣನ ಕುರ್ಚಿಗೆ ಬೇರೊಬ್ಬರ ಹೆಸರು ಕೂಗುವುದರಲ್ಲಿದ್ದರು. ವೈನಿ ಓಡಿ ಹೋಗಿ ಕುರ್ಚಿಯ ತೋಳು ಹಿಡಿದು ನಿಂತಳು. ಅಣ್ಣನ ಕೈಗೆ ಸೂಜಿ ಚುಚ್ಚಿ, ಯಂತ್ರ ತಿರುಗತೊಡಗಿದ ಮೇಲೆಯೇ ನಾನು ಗೋಡೆಗೆ ಒರಗಿದ್ದು.

ಮಧ್ಯಾಹ್ನ ಬ್ರಹ್ಮಪುರದ ಮನೆಗೆ ಮೈಬೂಬಣ್ಣ ಬಂದರು. ಗಾಡಿಯನ್ನು ಎಳೆಸಿಕೊಂಡು ಬಂದು ಒಬ್ಬ ಮೆಕ್ಯಾನಿಕ್ಕಿನ ಬಳಿ ಬಿಟ್ಟಿದ್ದರಂತೆ. ಒಳಗೆ ಬರಲು ಹಿಂಜರಿದು ಬಾಗಿಲಲ್ಲೇ ನಿಂತು, "ಡೀಲರಗೂ ಕೊಡಂಗಿಲ್ಲ ತಂಗಿ. ಬಿಚ್ಚಿ ಗುಜರಿಗಿ ಹಾಕ್ತೀನಿ" ಅಂದರು. ವೈನಿ ಅವರನ್ನು ಕೈಹಿಡಿದು ಒಳಗೆ ಕರೆದು ತಟ್ಟೆ ಹಾಕಿದಳು. ಉಂಡು ಮುಗಿಯುವ ತನಕ ಇಬ್ಬರೂ ಒಬ್ಬರಿಗೊಬ್ಬರು ಮಾಡಿದ ಮೋಸವನ್ನು ಎಳೆಎಳೆಯಾಗಿ ಬಿಡಿಸಿ ಬಯ್ದುಕೊಂಡರು. ಅಷ್ಟು ಸಲೀಸಾಗಿ ಅವರು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಸಂಜೆ ವೈನಿ ಆಯೇಶಾ ಮೇಡಂಗೆ ಫೋನು ಮಾಡಿದಳು. ಗಾಡಿ ಇನ್ನೂ ಇತ್ತು. ಬೆಲೆಯಲ್ಲಿ ಜಗ್ಗಾಡಲಿಲ್ಲ, ಅದೊಂದು ನನಗೆ ಸರಿಬೀಳಲಿಲ್ಲ. ಕಾಗದ ಯಾರ ಹೆಸರಿಗೆ ಮಾಡಿಸಬೇಕು ಎಂದು ಅವರು ಕೇಳಿದ್ದು ಫೋನಿನಲ್ಲಿ ನಮಗೂ ಕೇಳಿಸಿತು. ವೈನಿ ಅಣ್ಣನ ಕಡೆ ನೋಡಿದಳು. ಅವನು ಮಂಚದ ಮೇಲಿಂದ ಅವಳನ್ನೇ ನೋಡುತ್ತಿದ್ದ. ಅವಳು ತನ್ನ ಪೂರ್ತಿ ಹೆಸರು ಹೇಳಿದಳು.